ಒಂದೇ ಪೋಸ್ಟರ್ ಎಲ್ಲರಿಗೂ ಸಾಕೇ?

ಡಿಸೆಂಬರ್ 1 – ವಿಶ್ವ ಏಡ್ಸ್ ದಿನದ ನಿಮಿತ್ತ ಸಂಪಾದಕರ ಲೇಖನ

ಪ್ರತಿ ವರ್ಷ ಡಿಸೆಂಬರ್ ತಿಂಗಳ ಮೊದಲ ದಿನ ನಮ್ಮ ಶಾಲೆಗಳಲ್ಲಿ ಮತ್ತು ಕೆಲವು ಧರ್ಮಕೇಂದ್ರಗಳಲ್ಲಿ ಒಂದು ಕಾರ್ಯಕ್ರಮ ನಡೆಯುತ್ತದೆ. ಕೆಂಪು ರಿಬ್ಬನ್ ಹಂಚಲಾಗುತ್ತದೆ, ವೈದ್ಯರೊಬ್ಬರು ಅಥವಾ ಧರ್ಮಭಗಿನಿಯೊಬ್ಬರು ಮಾಹಿತಿ ನೀಡುತ್ತಾರೆ, ಯುವಜನರು ಬೀದಿ ನಾಟಕ ಆಡುತ್ತಾರೆ, ವಂದನಾರ್ಪಣೆಯೊಂದಿಗೆ ಎಲ್ಲವೂ ಮುಗಿಯುತ್ತದೆ. ನಾನೂ ಇಂಥ ಹಲವು ಕಾರ್ಯಕ್ರಮಗಳನ್ನು ನಡೆಸಿದ್ದೇನೆ.

ಗುರುದೀಕ್ಷೆ ಪಡೆದ ಹೊಸತರಲ್ಲಿ ನಾನು ಸಹಾಯಕ ಗುರುವಾಗಿದ್ದ ಒಂದು ಚರ್ಚಿನಲ್ಲಿ, ಬಹಳ ಉತ್ಸಾಹದಿಂದ, ತಲೆಬುರುಡೆಯ ಚಿತ್ರವಿದ್ದ ದೊಡ್ಡ ಪೋಸ್ಟರೊಂದನ್ನು ಮುಖ್ಯದ್ವಾರದ ಬಳಿಯೇ ಅಂಟಿಸಿದ್ದೆ. ‘ಏಡ್ಸ್ ಎಂದರೆ ಸಾವು’ ಎಂದು ಅದರಲ್ಲಿ ಕೆಂಪು ಅಕ್ಷರಗಳಲ್ಲಿ ಬರೆದಿತ್ತು. ದಿನಾಲೂ ಬೆಳಗಿನ ಬಲಿಪೂಜೆಗೆ ಬರುತ್ತಿದ್ದ ಬಾಯಿಯೊಬ್ಬರು ಅಂದಿನಿಂದ ಕಾಣಿಸಲಿಲ್ಲ. ತಿಂಗಳ ನಂತರ ಮನೆ ಭೇಟಿಗೆ ಹೋದಾಗ ವಿಷಯ ತಿಳಿಯಿತು. ಮುಂಬೈಯಲ್ಲಿ ದುಡಿಯುತ್ತಿದ್ದ ಅವರ ಗಂಡ ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು. ಅವರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಆರೋಗ್ಯವಾಗಿಯೇ ಇದ್ದರು. “ಫಾದರ್, ದಿನಾ ಆ ತಲೆಬುರುಡೆಯನ್ನು ದಾಟಿಕೊಂಡು ಒಳಗೆ ಬರಲು ನನ್ನಿಂದ ಆಗಲಿಲ್ಲ” ಎಂದರು. ಆ ಪೋಸ್ಟರ್ ಯಾರನ್ನು ಎಚ್ಚರಿಸಿತೋ ಗೊತ್ತಿಲ್ಲ. ದೇವರ ಮನೆಯಿಂದ ಒಬ್ಬರನ್ನು ಹೊರಗೆ ಇಟ್ಟದ್ದಂತೂ ಖಂಡಿತ.

ಎಚ್.ಐ.ವಿ. ತಡೆ ಮತ್ತು ಚಿಕಿತ್ಸೆಯ ಕೆಲಸದಲ್ಲಿ ದೇಶವೇ ಕಲಿತ ಪಾಠವೂ ಇದೇ. ವೈರಾಣು ಎಲ್ಲ ಕಡೆಯೂ ಒಂದೇ. ಆದರೆ ಅದು ಮನೆಯೊಳಗೆ ಬರುವ ದಾರಿ, ಅದನ್ನು ಮುಚ್ಚಿಡಲು ಇರುವ ಕಾರಣ, ಆಸ್ಪತ್ರೆಗೆ ಹೋಗಲು ಇರುವ ಅಡ್ಡಿ ಇವು ಊರಿಂದ ಊರಿಗೆ, ಸಮುದಾಯದಿಂದ ಸಮುದಾಯಕ್ಕೆ ಬೇರೆ ಬೇರೆ. ಒಂದು ಕಡೆ ಫಲ ನೀಡಿದ ಕಾರ್ಯಕ್ರಮವನ್ನು ಇನ್ನೊಂದು ಕಡೆ ಹಾಗೆಯೇ ನೆಟ್ಟರೆ ಅದು ಬೇರು ಬಿಡುವುದಿಲ್ಲ.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಆರಂಭವಾಯಿತು. 2004ರ ಏಪ್ರಿಲ್ 1ರಿಂದ ಹೆಚ್ಚು ಸೋಂಕಿದ್ದ ರಾಜ್ಯಗಳಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಶುರುವಾಯಿತು, ಅವುಗಳಲ್ಲಿ ಕರ್ನಾಟಕವೂ ಒಂದು. 2021ರ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ ಸೋಂಕಿತರಿದ್ದಾರೆ. ವಯಸ್ಕರಲ್ಲಿ ಇದು ಶೇ. 0.21. ಕರ್ನಾಟಕದಲ್ಲಿ ಎರಡೂಮುಕ್ಕಾಲು ಲಕ್ಷದಷ್ಟು ಜನ. ಮಿಜೋರಾಂ ರಾಜ್ಯದಲ್ಲಾದರೋ ವಯಸ್ಕರಲ್ಲಿ ಶೇ. 2.7. ಈ ಅಂತರ ಏಕೆ ಎಂದು ಕೇಳಿದರೆ ವಿಷಯ ಅರ್ಥವಾಗತೊಡಗುತ್ತದೆ.

ಮೊದಲು ನಮ್ಮದೇ ರಾಜ್ಯದ ಬಾಗಲಕೋಟೆಯನ್ನು ನೋಡೋಣ. 2003ರಲ್ಲಿ ಆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ಸಾಮಾನ್ಯ ಜನರಲ್ಲೇ ಶೇ. 3ರ ಹತ್ತಿರ ಸೋಂಕು ಕಂಡುಬಂದಿತ್ತು. ಅದೂ ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚು. ಏಡ್ಸ್ ಎಂದರೆ ನಗರದ ಕಾಯಿಲೆ, ಹೆದ್ದಾರಿಯ ಕಾಯಿಲೆ ಎಂದು ನಂಬಿದ್ದವರಿಗೆ ಇದು ಆಶ್ಚರ್ಯ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರಲ್ಲೇ ಕಾನೂನಿನಿಂದ ನಿಷೇಧಿಸಿದ್ದರೂ ಆ ಭಾಗದ ಹಳ್ಳಿಗಳಲ್ಲಿ ಅದರ ಬೇರು ಉಳಿದಿತ್ತು. ಮುಂಬೈಯ ಕಾಮಾಟಿಪುರದಂತೆ ಅಲ್ಲಿ ಪ್ರತ್ಯೇಕ ಬೀದಿ ಇಲ್ಲ. ಬಡ ದಲಿತ ಕುಟುಂಬದ ಹೆಣ್ಣುಮಗಳು ತನ್ನ ಮನೆಯಲ್ಲೇ, ತನ್ನ ತಾಯಿ ಮತ್ತು ಮಕ್ಕಳೊಂದಿಗೆ ಇರುತ್ತಾಳೆ. ಊರಿನವರಿಗೆ ಎಲ್ಲವೂ ಗೊತ್ತಿದ್ದರೂ ಯಾರೂ ಮಾತಾಡುವುದಿಲ್ಲ. ನಗರದಲ್ಲಿ ಮಾಡುವಂತೆ ಒಂದು ಕಚೇರಿ ತೆರೆದು, ಬೋರ್ಡ್ ಹಾಕಿ, ಬನ್ನಿ ಎಂದರೆ ಅಲ್ಲಿ ಯಾರು ಬರುತ್ತಾರೆ?

ಅಲ್ಲಿನ ಕಾರ್ಯಕರ್ತರು ದಾರಿ ಬದಲಾಯಿಸಿದರು. ಅದೇ ಹಳ್ಳಿಯ, ಅದೇ ಸ್ಥಿತಿಯ ಮಹಿಳೆಯರನ್ನೇ ಸಹವರ್ತಿ ಶಿಕ್ಷಕಿಯರನ್ನಾಗಿ ತರಬೇತುಗೊಳಿಸಲಾಯಿತು. ಅವರು ಮನೆಯಿಂದ ಮನೆಗೆ ಹೋದರು. ಹೋದಾಗ ಕೇಳಿಬಂದ ಮೊದಲ ಮಾತು ಎಚ್.ಐ.ವಿ. ಬಗ್ಗೆ ಅಲ್ಲ. ಪಡಿತರ ಚೀಟಿ ಇಲ್ಲ, ಶಾಲೆಗೆ ಸೇರಿಸುವಾಗ ಮಗುವಿನ ತಂದೆಯ ಹೆಸರು ಕೇಳುತ್ತಾರೆ, ಪೊಲೀಸರು ಹೊಡೆಯುತ್ತಾರೆ, ಇವು ಅವರ ಕಷ್ಟಗಳು. ಹತ್ತು ವರ್ಷಗಳ ನಂತರ ಬರಬಹುದಾದ ಕಾಯಿಲೆಯ ಭಯಕ್ಕಿಂತ ಇವತ್ತಿನ ರಾತ್ರಿಯ ಭಯ ದೊಡ್ಡದು. ಮಹಿಳೆಯರು ಸಂಘ ಕಟ್ಟಿಕೊಂಡರು, ಪೊಲೀಸ್ ಠಾಣೆಗೆ ಒಟ್ಟಾಗಿ ಹೋದರು, ಬ್ಯಾಂಕ್ ಖಾತೆ ತೆರೆದರು. ಆ ಮೇಲೆಯೇ ಪರೀಕ್ಷೆ, ಚಿಕಿತ್ಸೆ, ಸುರಕ್ಷತೆಯ ಮಾತು ಕಿವಿಗೆ ಹೋಯಿತು. ಮೈಸೂರಿನ ಅಶೋದಯ ಸಮಿತಿಯಲ್ಲೂ ಇದೇ ಬಗೆಯ ಕೆಲಸ ನಡೆದಿದೆ. ಸಂಘದ ಸದಸ್ಯೆಯರೇ ಹೊಸಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಜೊತೆಗೆ ಕುಳಿತಿರುತ್ತಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಳೇ ಕುಳಿತು ಅರ್ಧದಲ್ಲೇ ಎದ್ದುಹೋಗುವವರು ಎಷ್ಟು ಜನ ಎಂದು ಆಪ್ತಸಮಾಲೋಚಕರನ್ನು ಕೇಳಿದರೆ ಈ ಜೊತೆಯ ಬೆಲೆ ತಿಳಿಯುತ್ತದೆ.

ನಮ್ಮ ಸೆಮಿನರಿಯಲ್ಲಿ ದೈವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ‘ಸಂಸ್ಕೃತೀಕರಣ’ದ ಬಗ್ಗೆ ಒಂದಿಡೀ ವರ್ಷ ಪಾಠ ಮಾಡಿದ್ದರು. ಶುಭಸಂದೇಶ ಆಯಾ ನೆಲದ ಭಾಷೆಯಲ್ಲಿ, ಆಯಾ ಜನರ ಜೀವನದಲ್ಲಿ ಮೈದಳೆಯಬೇಕು ಎಂಬುದು ಅದರ ಸಾರ. ಬಾಗಲಕೋಟೆಯ ಆ ಮಹಿಳೆಯರ ಕೆಲಸವನ್ನು ಓದಿದಾಗಲೇ ನನಗೆ ಆ ಪಾಠ ಸರಿಯಾಗಿ ಅರ್ಥವಾದದ್ದು ಎನ್ನಬೇಕು.

ಇನ್ನು ಈಶಾನ್ಯ ರಾಜ್ಯಗಳು. ಮಿಜೋರಾಂ, ನಾಗಾಲ್ಯಾಂಡ್‌ಗಳು ಕ್ರೈಸ್ತರೇ ಬಹುಸಂಖ್ಯಾತರಾಗಿರುವ ರಾಜ್ಯಗಳು, ಮಣಿಪುರದಲ್ಲೂ ಕ್ರೈಸ್ತರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಾಗಿದ್ದೂ ಅಲ್ಲೇ ಸೋಂಕಿನ ಪ್ರಮಾಣ ಹೆಚ್ಚು. ಇದನ್ನು ಕೇಳಿ ನಮ್ಮಲ್ಲಿ ಕೆಲವರು ತಲೆ ಅಲ್ಲಾಡಿಸುತ್ತಾರೆ. ಕಾರಣ ಮ್ಯಾನ್ಮಾರ್ ಗಡಿ. ಗಡಿಯಾಚೆಯಿಂದ ಹೆರಾಯಿನ್ ಸುಲಭವಾಗಿ ಬರುತ್ತದೆ. ಯುವಕರು ಒಂದೇ ಸಿರಿಂಜನ್ನು ಹಲವರು ಹಂಚಿಕೊಂಡು ಚುಚ್ಚಿಕೊಳ್ಳುತ್ತಾರೆ. ಹೀಗೆ ರಕ್ತದಿಂದ ರಕ್ತಕ್ಕೆ ಸೋಂಕು ಹರಡುವ ವೇಗ ಲೈಂಗಿಕ ಸಂಪರ್ಕಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿ ದಾಂಪತ್ಯ ನಿಷ್ಠೆಯ ಉಪದೇಶ ಮಾತ್ರ ಮಾಡಿದರೆ ಸೂಜಿಯ ಸಮಸ್ಯೆಗೆ ಉತ್ತರ ಸಿಗುವುದಿಲ್ಲ. ಹೊಸ ಸೂಜಿ ಕೊಟ್ಟು ಹಳೆಯದನ್ನು ಹಿಂದಕ್ಕೆ ಪಡೆಯುವುದು, ಹೆರಾಯಿನ್‌ಗೆ ಬದಲಾಗಿ ವೈದ್ಯರ ಕಣ್ಣೆದುರು ನಾಲಿಗೆಯಡಿ ಇಟ್ಟುಕೊಳ್ಳುವ ಬುಪ್ರೆನಾರ್ಫಿನ್ ಮಾತ್ರೆ ಕೊಡುವುದು, ಇವು ಅಲ್ಲಿಗೆ ಬೇಕಾದ ಮದ್ದು. ಮಾದಕ ವಸ್ತುವಿಗೆ ಪ್ರೋತ್ಸಾಹ ಕೊಟ್ಟಂತಾಗುವುದಿಲ್ಲವೇ ಎಂಬ ಪ್ರಶ್ನೆ ಅಲ್ಲಿಯ ಸಭೆಗಳಲ್ಲೂ ಎದ್ದಿತ್ತು. ದಿನಕ್ಕೆ ನಾಲ್ಕು ಬಾರಿ ಚುಚ್ಚಿಕೊಳ್ಳುತ್ತಿದ್ದ ಹುಡುಗ ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗತೊಡಗಿದಾಗ ತಾಯಂದಿರಿಗೆ ಬೇರೆ ಉತ್ತರ ಬೇಕಾಗಲಿಲ್ಲ.

ಈಗ ನಮ್ಮ ಕರಾವಳಿಗೆ ಬರೋಣ. ನಮ್ಮ ಸಮಸ್ಯೆ ಬಾಗಲಕೋಟೆಯದೂ ಅಲ್ಲ, ಮಿಜೋರಾಂನದೂ ಅಲ್ಲ.

ಮಂಗಳೂರಿನ ದಕ್ಕೆಗೋ ಮಲ್ಪೆ ಬಂದರಿಗೋ ಮುಂಜಾನೆ ಹೋದರೆ ತುಳು, ಕೊಂಕಣಿ, ಬ್ಯಾರಿ ಮಾತ್ರವಲ್ಲ, ತೆಲುಗು, ಒಡಿಯಾ, ಹಿಂದಿ ಎಲ್ಲವೂ ಕೇಳಿಸುತ್ತದೆ. ಆಳಸಮುದ್ರದ ಬೋಟುಗಳಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಹೊರಗಿನವರು. ಕನ್ನಡದಲ್ಲಿ ಮುದ್ರಿಸಿದ ನಮ್ಮ ಕರಪತ್ರ ಅವರಿಗೆ ಮೀನು ಕಟ್ಟುವ ಕಾಗದ. ಬೋಟು ಹೊರಟರೆ ಹತ್ತು ದಿನ ದಡ ಕಾಣುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಕಾಲದಲ್ಲಿ ಊರಿಗೆ ಹೋಗುತ್ತಾರೆ. ಎ.ಆರ್.ಟಿ. ಮಾತ್ರೆಯಾದರೋ ದಿನವೂ ತಪ್ಪದೆ, ಜೀವಮಾನವಿಡೀ ತೆಗೆದುಕೊಳ್ಳಬೇಕಾದದ್ದು. ತಪ್ಪಿದರೆ ವೈರಾಣು ಔಷಧಿಗೆ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಇಂಥ ದಿನವೇ ಬನ್ನಿ ಎಂದರೆ ಆ ದಿನ ಅವನು ಸಮುದ್ರದ ಮಧ್ಯದಲ್ಲಿರುತ್ತಾನೆ.

ಒಬ್ಬ ಬೋಟು ಕಾರ್ಮಿಕ ನನಗೆ ಹೇಳಿದ ಮಾತು ನೆನಪಿದೆ. ಹಿಂದೆ ಕೊಡುತ್ತಿದ್ದ ಮಾತ್ರೆಯಲ್ಲಿ ಎಫಾವಿರೆನ್ಜ್ ಎಂಬ ಔಷಧಿ ಇರುತ್ತಿತ್ತು. ರಾತ್ರಿ ಅದನ್ನು ನುಂಗಿದರೆ ತಲೆ ಸುತ್ತು, ವಿಚಿತ್ರ ಕನಸು. ಮನೆಯಲ್ಲಿ ಮಲಗುವವನಿಗೆ ಅಡ್ಡಿಯಿಲ್ಲ. ಮಧ್ಯರಾತ್ರಿ ಬಲೆ ಎಳೆಯುವವನು ತಲೆ ಸುತ್ತಿದರೆ ನೀರಿಗೇ ಬೀಳುತ್ತಾನೆ. “ಆದ್ದರಿಂದ ಕಡಲಿಗೆ ಹೋದಾಗ ಮಾತ್ರೆ ಬಿಡುತ್ತಿದ್ದೆ ಫಾದರ್, ದಡಕ್ಕೆ ಬಂದಾಗ ತಿನ್ನುತ್ತಿದ್ದೆ” ಎಂದ. ಯಾವ ವೈದ್ಯರೂ ಅವನ ಕೆಲಸ ಏನೆಂದು ಕೇಳಿರಲಿಲ್ಲ; ಅವನೂ ಹೇಳಿರಲಿಲ್ಲ. ಈಗಿನ ಮಾತ್ರೆಯಲ್ಲಿ ಅದರ ಬದಲಿಗೆ ಡೊಲುಟೆಗ್ರಾವಿರ್ ಇದೆ. ಈ ತೊಂದರೆ ಬಹಳ ಕಡಿಮೆ. ದಿನಕ್ಕೆ ಒಂದೇ ಮಾತ್ರೆ. ಕೋವಿಡ್ ಬಂದ 2020ರ ನಂತರ, ಸ್ಥಿತಿ ಸ್ಥಿರವಾಗಿರುವವರಿಗೆ ಎರಡು ಮೂರು ತಿಂಗಳ ಔಷಧಿಯನ್ನು ಒಟ್ಟಿಗೆ ಕೊಡುವ ವ್ಯವಸ್ಥೆಯೂ ವಿಸ್ತಾರವಾಗಿದೆ. ಊರಿಗೆ ಹೋದಾಗ ಅಲ್ಲಿಯ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ಆದರೆ ಇವನ್ನೆಲ್ಲ ಕೇಳಿ ಪಡೆಯಬೇಕು. ಕೇಳಲು ಭಾಷೆ ಬರಬೇಕು, ಧೈರ್ಯವೂ ಬೇಕು. ವಿನ್ಸೆಂಟ್ ಪಾವ್ಲ್ ಸಭೆಯ ಸದಸ್ಯರು ಒಬ್ಬರು ಜೊತೆಗೆ ಹೋದರೆ ಸಾಕು, ಕೆಲಸ ಆಗುತ್ತದೆ.

ಬೋಟಿನವರ ಬಗ್ಗೆ ಓದುವಾಗ ಅವರು ಹೊರಗಿನವರು, ನಮ್ಮವರಲ್ಲ ಎಂದು ನಿಮಗೆ ಅನಿಸಿರಬಹುದು. ನಮ್ಮವರ ವಿಷಯಕ್ಕೆ ಬರುತ್ತೇನೆ.

ನಮ್ಮ ಧರ್ಮಪ್ರಾಂತ್ಯದಲ್ಲಿ ಗಲ್ಫಿಗೆ ಹೋದವರು ಇಲ್ಲದ ವಾರ್ಡು ಸಿಗುವುದು ಕಷ್ಟ. ಗಲ್ಫ್ ದೇಶಗಳ ಕೆಲಸದ ವೀಸಾಕ್ಕೆ ವೈದ್ಯಕೀಯ ತಪಾಸಣೆ ಕಡ್ಡಾಯ, ಅದರಲ್ಲಿ ಎಚ್.ಐ.ವಿ. ಪರೀಕ್ಷೆಯೂ ಸೇರಿದೆ. ಸೋಂಕಿದ್ದರೆ ‘ಅನ್‌ಫಿಟ್’. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಗಡೀಪಾರು. ನನಗೆ ಪರಿಚಯದ ಒಬ್ಬ ಯುವಕನಿಗೆ ತನ್ನ ಸೋಂಕು ತಿಳಿದದ್ದು ಹಾಗೆಯೇ. ಆಪ್ತಸಮಾಲೋಚನೆ ಇಲ್ಲ, ಮುಂದೇನು ಎಂದು ಹೇಳುವವರಿಲ್ಲ. ಮನೆಯಲ್ಲಿ ಸಾಲ ಮಾಡಿ ಏಜೆಂಟನಿಗೆ ಹಣ ಕಟ್ಟಿದ್ದರು. ವೀಸಾ ರದ್ದಾಯಿತು ಎಂದು ಹೇಳಿ ಸುಮ್ಮನಾದ. ಬೆಂಗಳೂರಿಗೆ ಹೋದ. ಮೂರು ವರ್ಷ ಯಾವ ಕೇಂದ್ರಕ್ಕೂ ಹೋಗಲಿಲ್ಲ. ಕೊನೆಗೆ ಕ್ಷಯ ಬಡಿದು ತೂಕ ನಲವತ್ತು ಕಿಲೋಗೆ ಇಳಿದಾಗ ಊರಿಗೆ ತಂದರು. ಅವನ ತಾಯಿ ನನ್ನ ಬಳಿಗೆ ಬಂದದ್ದು ಅಂತಿಮ ಅಭ್ಯಂಗಕ್ಕೆ. ನಾನು ಅಭ್ಯಂಗವನ್ನೂ ಕೊಟ್ಟೆ, ವೆನ್ಲಾಕ್ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರಕ್ಕೆ ಕಾರನ್ನೂ ಮಾಡಿಸಿದೆ. ಮೊದಲು ಕ್ಷಯಕ್ಕೆ, ಎರಡು ವಾರಗಳ ನಂತರ ಎಚ್.ಐ.ವಿ.ಗೆ ಔಷಧಿ ಶುರುವಾಯಿತು. ಅವನು ಬದುಕಿದ.

ಆದರೆ ಆ ಮೂರು ವರ್ಷ ಏಕೆ ಹಾಳಾಯಿತು? ಔಷಧಿ ಇರಲಿಲ್ಲ ಎಂದಲ್ಲ. 2017ರಿಂದ ಭಾರತದಲ್ಲಿ ಸೋಂಕು ಪತ್ತೆಯಾದ ಕೂಡಲೇ, ರೋಗನಿರೋಧಕ ಕೋಶಗಳ ಲೆಕ್ಕ ಎಷ್ಟೇ ಇರಲಿ, ಉಚಿತವಾಗಿ ಚಿಕಿತ್ಸೆ ಆರಂಭಿಸುವ ನೀತಿ ಇದೆ. ಅವನು ಹೆದರಿದ್ದು ವೈರಾಣುವಿಗಲ್ಲ. ವಾರ್ಡಿನ ರೋಜರಿಯಲ್ಲಿ, ಮದುವೆಯ ರೋಸಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಬರುವ ಮಾತಿಗೆ. ಉತ್ತರ ಕರ್ನಾಟಕದ ಮಹಿಳೆಗೆ ಪೊಲೀಸರ ಭಯವಿದ್ದಂತೆ ನಮ್ಮ ಹುಡುಗನಿಗೆ ನಮ್ಮ ಭಯ. ಆದ್ದರಿಂದ ಕರಾವಳಿಯ ಕ್ರೈಸ್ತ ಸಮುದಾಯಕ್ಕೆ ಬೇಕಾದ ಕಾರ್ಯಕ್ರಮದಲ್ಲಿ ಮೊದಲು ಸರಿಯಾಗಬೇಕಾದದ್ದು ನಾಲಿಗೆ. ಗುರಿಕಾರರು, ಪಾಲನಾ ಪರಿಷತ್ತಿನವರು, ನಾವು ಗುರುಗಳು ಕೂಡ ಗುಟ್ಟನ್ನು ಗುಟ್ಟಾಗಿ ಇಡಲು ಕಲಿಯಬೇಕು. ಪಾಪನಿವೇದನೆಯ ಗುಟ್ಟನ್ನು ಪ್ರಾಣ ಹೋದರೂ ಕಾಪಾಡುವ ನಾವು ಮನೆ ಭೇಟಿಯಲ್ಲಿ ಕೇಳಿದ್ದನ್ನು ಊಟದ ಮೇಜಿನಲ್ಲಿ ಹೇಳಿಬಿಡುತ್ತೇವೆ.

ಇದು ಬರೇ ಸೌಜನ್ಯದ ಮಾತಲ್ಲ, ಕಾನೂನು. 2017ರ ಎಚ್.ಐ.ವಿ. ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಹಿರಂಗಪಡಿಸುವಂತಿಲ್ಲ. ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಮನೆಯಲ್ಲಿ ತಾರತಮ್ಯ ಮಾಡುವಂತಿಲ್ಲ. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ, ಆರೋಗ್ಯ ಸಂಸ್ಥೆಯಾದರೆ ಇಪ್ಪತ್ತೇ ಜನರಿದ್ದರೂ, ದೂರು ಕೇಳುವ ಅಧಿಕಾರಿಯೊಬ್ಬರು ಇರಬೇಕು. ನಮ್ಮ ಶಾಲಾ ಕಾಲೇಜು, ಆಸ್ಪತ್ರೆಗಳ ಆಡಳಿತದವರು ಈ ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು.

ವಿವಾಹ ಪೂರ್ವ ಶಿಬಿರದಲ್ಲಿ ಪ್ರತಿ ಸಲವೂ ಬರುವ ಪ್ರಶ್ನೆ: ಮದುವೆಗೆ ಮೊದಲು ಎಚ್.ಐ.ವಿ. ರಿಪೋರ್ಟ್ ಚರ್ಚಿಗೆ ಕೊಡಬೇಕೇ? ಕೊಡಬೇಕಾಗಿಲ್ಲ, ಗುರುಗಳು ಕೇಳಲೂ ಬಾರದು. ಎಚ್.ಐ.ವಿ. ವಿವಾಹಕ್ಕೆ ಧರ್ಮಸಭೆಯ ಕಾನೂನಿನಲ್ಲಿ ಅಡ್ಡಿಯಲ್ಲ. ಆದರೆ ಸಂಗಾತಿಯಾಗುವವರಿಂದ ಅದನ್ನು ಮುಚ್ಚಿಟ್ಟು, ಮೋಸದಿಂದ ಒಪ್ಪಿಗೆ ಪಡೆದರೆ ಧರ್ಮಸಭೆಯ ಕಾನೂನಿನ 1098ನೇ ವಿಧಿಯಂತೆ ಆ ವಿವಾಹದ ಸಿಂಧುತ್ವವೇ ಪ್ರಶ್ನೆಗೆ ಒಳಗಾಗಬಹುದು. ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿಕೊಂಡು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಒಳ್ಳೆಯದು. ಸಂಗಾತಿಗೆ ತಿಳಿಯಬೇಕು, ಊರಿಗೆ ತಿಳಿಯಬೇಕಾಗಿಲ್ಲ.

ನಿರೋಧದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದರೆ ಓದುಗರು ಒಪ್ಪಲಿಕ್ಕಿಲ್ಲ. ದಾಂಪತ್ಯದಲ್ಲಿ ನಿಷ್ಠೆ, ಅದರ ಹೊರಗೆ ಸಂಯಮ ಎಂಬ ಧರ್ಮಸಭೆಯ ಬೋಧನೆ ಬದಲಾಗಿಲ್ಲ. ಬದಲಾಗಬೇಕೆಂದು ನಾನೂ ಕೇಳುವವನಲ್ಲ. ಹಾಗೆಂದು ಅಪಾಯದಲ್ಲಿರುವ ವ್ಯಕ್ತಿಯ ಜೀವದ ಬಗ್ಗೆ ಧರ್ಮಸಭೆ ಕಣ್ಣು ಮುಚ್ಚಿದೆ ಎಂಬ ಆರೋಪ ಸರಿಯಲ್ಲ. 2010ರಲ್ಲಿ ಪೀಟರ್ ಸೀವಾಲ್ಡ್ ಅವರೊಂದಿಗಿನ ಸಂದರ್ಶನ ಗ್ರಂಥದಲ್ಲಿ ಪೋಪ್ 16ನೇ ಬೆನೆಡಿಕ್ಟರು, ವೇಶ್ಯಾವೃತ್ತಿಯಲ್ಲಿರುವವನೊಬ್ಬ ಇನ್ನೊಬ್ಬರಿಗೆ ಸೋಂಕು ತಗಲದಿರಲೆಂದು ನಿರೋಧ ಬಳಸಿದರೆ ಅದು ಹೊಣೆಗಾರಿಕೆಯ ಕಡೆಗಿನ ಮೊದಲ ಹೆಜ್ಜೆಯಾಗಬಹುದು ಎಂಬರ್ಥದ ಮಾತು ಹೇಳಿದ್ದರು. ಅದನ್ನು ನಿಜವಾದ ಅಥವಾ ನೈತಿಕ ಪರಿಹಾರವೆಂದು ಅವರು ಒಪ್ಪಿರಲಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು. ಪತ್ರಿಕೆಗಳು ಒಂದನ್ನು ಓದಿದವು, ನಮ್ಮಲ್ಲಿ ಕೆಲವರು ಇನ್ನೊಂದನ್ನು ಮಾತ್ರ ಓದಿದರು.

ಈ ನಡುವೆ ವಿಜ್ಞಾನ ಮುಂದೆ ಹೋಗಿದೆ. ಮಾತ್ರೆ ಸರಿಯಾಗಿ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ ಎಂಬುದು ಈಗ ದೃಢಪಟ್ಟಿದೆ. ಗರ್ಭಿಣಿಗೆ ಸಕಾಲದಲ್ಲಿ ಚಿಕಿತ್ಸೆಯಾದರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ, ಏನೂ ಮಾಡದಿದ್ದರೆ ಅದು ಶೇ. 20ರಿಂದ 45. ಅಂದರೆ ಇಂದು ಚಿಕಿತ್ಸೆಯೇ ದೊಡ್ಡ ತಡೆ. ಜನರನ್ನು ಚಿಕಿತ್ಸೆಗೆ ಕರೆತರುವುದಕ್ಕೆ, ಬಿಡದಂತೆ ಜೊತೆ ನಿಲ್ಲುವುದಕ್ಕೆ ಯಾವ ಧರ್ಮಗುರುವಿಗೂ ಮನಸ್ಸಾಕ್ಷಿಯ ಅಡ್ಡಿ ಇಲ್ಲ. ಭಾರತದ ಧರ್ಮಾಧ್ಯಕ್ಷರ ಮಂಡಳಿ 2005ರಲ್ಲೇ ಎಚ್.ಐ.ವಿ. ನೀತಿಯನ್ನು ಪ್ರಕಟಿಸಿ ಸಹಾನುಭೂತಿ ಮತ್ತು ಆರೈಕೆಗೆ ತನ್ನ ಬದ್ಧತೆಯನ್ನು ಸಾರಿದೆ. ಸಂತ ಕಮಿಲ್ಲಸರ ಸಭೆಯ ಗುರುಗಳು ಬೆಂಗಳೂರಿನ ಸ್ನೇಹದಾನದಲ್ಲೂ ಮಂಗಳೂರು ಬಳಿಯ ಕೈಕಂಬದ ಸ್ನೇಹಸದನದಲ್ಲೂ, ಯಾರೂ ಹತ್ತಿರ ಬಾರದಿದ್ದ ಕಾಲದಲ್ಲೇ ಸೋಂಕಿತರನ್ನು ಒಳಗೆ ಕರೆದುಕೊಂಡರು.

ಅಂಥ ಆಶ್ರಯಗಳಲ್ಲಿ ಬೆಳೆದ ಮಕ್ಕಳ ವಿಷಯ ಬೇರೆಯೇ. ಹುಟ್ಟಿನಿಂದಲೇ ಸೋಂಕು ಪಡೆದವರು ಈಗ ಇಪ್ಪತ್ತು, ಇಪ್ಪತ್ತೈದರ ಯುವಕ ಯುವತಿಯರು. ‘ಇದು ಶಕ್ತಿಯ ಮಾತ್ರೆ’ ಎಂದು ಹೇಳಿ ನುಂಗಿಸಿದ ಮಾತ್ರೆಯ ನಿಜ ಹದಿಮೂರು ಹದಿನಾಲ್ಕರಲ್ಲಿ ತಿಳಿದಾಗ ಕೆಲವರು ಸಿಟ್ಟಿನಿಂದ ಔಷಧಿಯನ್ನೇ ಬಿಟ್ಟದ್ದುಂಟು. ದೊಡ್ಡವರಿಗೆ ತಯಾರಿಸಿದ ಸಲಹೆಗಳು ಇವರಿಗೆ ಹೊಂದುವುದಿಲ್ಲ. ಇವರು ಯಾವ ತಪ್ಪನ್ನೂ ಮಾಡಿದವರಲ್ಲ, ಹಾಸ್ಟೆಲಿನ ಕೋಣೆಯಲ್ಲಿ ಡಬ್ಬಿಯನ್ನು ಎಲ್ಲಿ ಅಡಗಿಸುವುದು ಎಂಬುದೇ ಇವರ ದಿನನಿತ್ಯದ ಚಿಂತೆ. ಇವರ ಮದುವೆಯ ಮಾತು ಬಂದಾಗ ನಮ್ಮ ಧರ್ಮಕೇಂದ್ರಗಳು ಏನು ಮಾಡುತ್ತವೆ ಎಂದು ಒಬ್ಬ ಧರ್ಮಭಗಿನಿ ನನ್ನನ್ನು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಇನ್ನೂ ಪೂರ್ತಿ ಇಲ್ಲ.

ಮಂಗಳಮುಖಿಯರ ಬಗ್ಗೆಯೂ ಒಂದು ಮಾತು ಹೇಳಬೇಕು. ಅವರಲ್ಲಿ ಸೋಂಕಿನ ಪ್ರಮಾಣ ಸಾಮಾನ್ಯ ಜನರಿಗಿಂತ ಹಲವು ಪಟ್ಟು ಹೆಚ್ಚು. ಆಸ್ಪತ್ರೆಯಲ್ಲಿ ಗಂಡಸರ ಸಾಲೋ ಹೆಂಗಸರ ಸಾಲೋ ಎಂಬಲ್ಲೇ ಅವರ ಕಷ್ಟ ಶುರುವಾಗುತ್ತದೆ. ನಮ್ಮ ಆಸ್ಪತ್ರೆಗಳ ಸ್ವಾಗತ ಮೇಜಿನಲ್ಲಿ ಕುಳಿತವರಿಗೆ ಅರ್ಧ ದಿನದ ತರಬೇತಿ ಕೊಟ್ಟರೆ ಇದು ಸರಿಹೋಗುತ್ತದೆ, ದೊಡ್ಡ ಖರ್ಚಿಲ್ಲ.

ಈ ವರ್ಷ ಡಿಸೆಂಬರ್ 1ರ ಕಾರ್ಯಕ್ರಮ ಇಟ್ಟುಕೊಂಡಿರುವ ಧರ್ಮಕೇಂದ್ರಗಳಿಗೆ ನನ್ನ ಕೋರಿಕೆ ಇಷ್ಟೇ. ಭಾಷಣಕಾರರನ್ನು ಹುಡುಕುವ ಮೊದಲು ನಿಮ್ಮ ವ್ಯಾಪ್ತಿಯಲ್ಲಿ ಯಾರಿದ್ದಾರೆ ನೋಡಿ. ದಕ್ಕೆಯ ಕೆಲಸದವರೋ, ಹೆಂಚಿನ ಮತ್ತು ಗೋಡಂಬಿ ಕಾರ್ಖಾನೆಯವರೋ, ಕಟ್ಟಡ ಕೆಲಸಕ್ಕೆ ಬಂದ ಕೊಪ್ಪಳ ರಾಯಚೂರಿನ ಕುಟುಂಬಗಳೋ, ಗಲ್ಫ್ ಮನೆಗಳೋ. ಅವರಲ್ಲೇ ಒಬ್ಬರನ್ನು ಕರೆದು ಕೂರಿಸಿ, ನೀವು ಕೇಳಿ. ಕೈ ಕುಲುಕುವುದರಿಂದ, ಒಂದೇ ಬಟ್ಟಲಿನಿಂದ, ಪವಿತ್ರ ಜಲದಿಂದ, ಸೊಳ್ಳೆಯಿಂದ ಎಚ್.ಐ.ವಿ. ಬರುವುದಿಲ್ಲ ಎಂಬುದನ್ನು ಪ್ರಕಟಣೆಯ ಸಮಯದಲ್ಲಿ ಎರಡು ನಿಮಿಷ ಹೇಳಿದರೂ ಸಾಕು. ಪರೀಕ್ಷೆ ಸರಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಉಚಿತ, ಗುಟ್ಟಾಗಿ ನಡೆಯುತ್ತದೆ. ರಾಷ್ಟ್ರೀಯ ಸಹಾಯವಾಣಿ 1097. ಕರೆಗೆ ಹಣವಿಲ್ಲ, ಹೆಸರು ಹೇಳಬೇಕಾಗಿಲ್ಲ. ಈ ಸಂಖ್ಯೆಯನ್ನು ಚರ್ಚಿನ ಸೂಚನಾ ಫಲಕದಲ್ಲಿ ಹಾಕಿ. ಆದರೆ ಎಲ್ಲರೂ ನಿಂತು ನೋಡುವ ಮುಖ್ಯದ್ವಾರದ ಬಳಿ ಬೇಡ. ಒಬ್ಬರೇ ನಿಂತು ಮೊಬೈಲಿನಲ್ಲಿ ಬರೆದುಕೊಳ್ಳಬಹುದಾದ ಯಾವುದಾದರೂ ಮೂಲೆಯಲ್ಲಿ, ಸ್ಮಶಾನದ ದಾರಿಯಲ್ಲೋ ಶೌಚಾಲಯದ ಗೋಡೆಯಲ್ಲೋ, ಅಂಟಿಸಿ.